ಹೊರೆಗುದುರೆಗೆ ಸಾಮಾನು ಹೇರುವ ಬಗೆ

ಪ್ರಶ್ನೆ: ದಾರಿಯಿಲ್ಲದ ಕಾಡುಬೆಟ್ಟಗಳಿಗೆ ಪರವಾನಗಿ ಪಡೆದು ಕುದುರೆಗಳೊಡನೆ ಬೇಟೆಗೆ ಹೋಗುವವರು ಸಾಮಾನನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ಮೊದಲು ತೂಕದ ಮಾತು. ಕುದುರೆಯ ದೇಹತೂಕದ ಸುಮಾರು ಶೇ. 20ನ್ನು ಹೊರೆ ಮೀರಬಾರದೆಂಬುದು ರೂಢಿಯಲ್ಲಿರುವ ಮಿತಿ. ಅಂದರೆ 450 ಕೆ.ಜಿ. ತೂಗುವ ಕುದುರೆಗೆ ಜೀನೂ ಸೇರಿ 90 ಕೆ.ಜಿ., ಕಡಿದಾದ ಏರುಗಳಲ್ಲಿ ಅದಕ್ಕಿಂತಲೂ ಕಡಿಮೆ. ಇಕ್ಕೆಲದ ಚೀಲಗಳನ್ನು ಕಣ್ಣಂದಾಜಿಗೆ ಬಿಡದೆ ತೂಗಿಯೇ ಸಮಗೊಳಿಸಬೇಕು, ಏಕೆಂದರೆ ಒಂದು ಬದಿ ಭಾರವಾದರೆ ಜೀನು ವಾಲಿ, ಉಜ್ಜಿ, ಬೆನ್ನು ಹುಣ್ಣಾಗುತ್ತದೆ. ಭಾರದ ವಸ್ತುಗಳು ತಳದಲ್ಲಿರಲಿ. ಸದ್ದಿಗೆ ಕುದುರೆ ಬೆದರುವುದರಿಂದ ಪಾತ್ರೆಗಳಿಗೆ ಬಟ್ಟೆ ಸುತ್ತಿರಿ. ಬೆಂಕಿಪೊಟ್ಟಣ, ನಕ್ಷೆ, ಪ್ರಥಮ ಚಿಕಿತ್ಸೆಯ ಸಾಮಗ್ರಿಗಳನ್ನು ಮಾತ್ರ ಜೀನುಚೀಲಕ್ಕೆ ಹಾಕದೆ ಮೈಮೇಲೆಯೇ ಇಟ್ಟುಕೊಳ್ಳುವುದು ಲೇಸು: ಓಡಿಹೋದ ಕುದುರೆಯೊಡನೆ ಚೀಲವೂ ಹೋಗುತ್ತದೆ. ಬಂದೂಕು ಗುಂಡಿಲ್ಲದೆ ಒರೆಯಲ್ಲಿರಲಿ. ಮರಳುವಾಗ ಮಾಂಸದ ಭಾರವೂ ಸೇರುವುದನ್ನು (ಹಲವರು ಮರೆಯುವುದು ಇದನ್ನೇ) ಹೊರಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ.