ಹವಾಯಿಯಲ್ಲಿ ಹಕ್ಕಿಗಳ ಹಾಡು ರೆಕಾರ್ಡ್ ಮಾಡಲು ಯಾವ ಮೈಕ್ ಕೊಳ್ಳಲಿ?

ಬೆಂಗಳೂರಿನಿಂದ ಹವಾಯಿಯ ಬಿಗ್ ಐಲ್ಯಾಂಡಿಗೆ ಹೊರಟಿದ್ದೇನೆ, ಹಕ್ಕಿ ಹಾಡು ರೆಕಾರ್ಡ್ ಮಾಡುವ ಆಸೆ, ಯಾವ ಮೈಕ್ ಒಳ್ಳೆಯದು ಅಂತ ಕೇಳಿದ್ದೀರಿ. ಮೈಕಿನ ಮಾತು ಆಮೇಲೆ. ಮೊದಲು ನಿಮ್ಮ ಜರ್ಕಿನ್ ಯಾವುದು ಹೇಳಿ.

ತಮಾಷೆಯಲ್ಲ. ನನ್ನ ಮೊದಲ ಬೆಳಗಿನ ನಲವತ್ತು ನಿಮಿಷ ಹಾಳಾಗಿದ್ದೇ ಜರ್ಕಿನ್ನಿಂದ. ಜಾಗ ಪೂ ಓಓ ಟ್ರೇಲ್. ಅದೇ ಹೆಸರಿನ ಜ್ವಾಲಾಮುಖಿಯ ಬಾಯಿ ಬೇರೆ ಕಡೆ ಇದೆ, ಗೊಂದಲ ಬೇಡ. ಇದು ಮೌನಾ ಲೋವಾ, ಮೌನಾ ಕೇಯಾ ಜ್ವಾಲಾಮುಖಿಗಳ ನಡುವಿನ ಸ್ಯಾಡಲ್ ರೋಡಿನ ಪಕ್ಕ, ಸುಮಾರು 1,700 ಮೀಟರ್ ಎತ್ತರದಲ್ಲಿದೆ. 1855 ಮತ್ತು 1881ರಲ್ಲಿ ಹರಿದ ಲಾವಾ ಕಪ್ಪಗೆ ಹರಡಿಕೊಂಡು ಬಿದ್ದಿದೆ. ಅದು ಮುಟ್ಟದೆ ಬಿಟ್ಟ ಹಳೇ ಕಾಡಿನ ತುಂಡುಗಳು ನಡುನಡುವೆ ಉಳಿದಿವೆ. ಅವಕ್ಕೆ ಕೀಪುಕಾ ಅಂತಾರೆ. ಹಕ್ಕಿಗಳೆಲ್ಲ ಅಲ್ಲೇ.

ಲಾಲ್‌ಬಾಗಿನಲ್ಲಿ ಎರಡು ವರ್ಷ ಮಡಿವಾಳ ಹಕ್ಕಿ, ಕುಟ್ರ ಹಕ್ಕಿ ಅಂತ ರೆಕಾರ್ಡ್ ಮಾಡಿದ್ದೆ. ಜರ್ಕಿನ್ ಇಷ್ಟು ಸದ್ದು ಮಾಡುತ್ತೆ ಅಂತ ಗೊತ್ತೇ ಆಗಿರಲಿಲ್ಲ, ಬಿಎಂಟಿಸಿ ಬಸ್ಸು ಎಲ್ಲ ಮುಚ್ಚಿಹಾಕಿತ್ತು. ಕೀಪುಕಾದಲ್ಲಿ ಉಸಿರೆಳೆದರೂ ಸರಬರ. ಸಾಲದ್ದಕ್ಕೆ 'ಆಆ' ಅನ್ನುವ ಒರಟು ಲಾವಾ ಬೇರೆ, ಕಾಲಿಟ್ಟರೆ ಕೋಡುಬಳೆ ಮುರಿದ ಹಾಗೆ ಕರಕರ. ಮೇಲೆ ಉಣ್ಣೆ ಸ್ವೆಟರ್ ಹಾಕಿಕೊಳ್ಳಿ. ಮೈಕನ್ನು ಸ್ಟ್ಯಾಂಡಿನ ಮೇಲಿಟ್ಟು, ರೆಕಾರ್ಡ್ ಒತ್ತಿ, ಹತ್ತು ಹೆಜ್ಜೆ ಆಚೆ ಹೋಗಿ ಕೂತುಬಿಡಿ.

ಅಲ್ಲಿನ ಓಹಿಯಾ ಮರ ನಮ್ಮ ನೇರಳೆಯ ಕುಟುಂಬದ್ದು. ಅದರ ಕೆಂಪು ಹೂವಿಗೆ ಅಪಪಾನೆ ಹಕ್ಕಿ ಬರುತ್ತೆ, ಅದೂ ಕೆಂಪೇ. ಹಾಡಿಗಿಂತ ಮೊದಲು ರೆಕ್ಕೆಯ ಬುರ್ ಸದ್ದು ಕೇಳಿಸುತ್ತೆ. ಇಈವಿ ಅನ್ನುವ ಇನ್ನೊಂದು ಹಕ್ಕಿಯದು ಎಣ್ಣೆ ಕಾಣದ ಗೇಟಿನ ಕಿರ್ರ್. ನಾನು ಮೊದಲು ಹೆಡ್‌ಫೋನ್ ಕೆಟ್ಟಿತು ಅಂದುಕೊಂಡೆ!

ಕಡಲ ದಂಡೆಯಲ್ಲಿ ಇವನ್ನು ಹುಡುಕಬೇಡಿ. ಹವಾಯಿಯಲ್ಲಿ ಮೂಲತಃ ಸೊಳ್ಳೆಯೇ ಇರಲಿಲ್ಲ, 1826ರಲ್ಲಿ ಹಡಗಿನ ನೀರಿನ ಜೊತೆ ಬಂತು. ಆಮೇಲೆ ಹಕ್ಕಿ ಮಲೇರಿಯಾ ಹಬ್ಬಿತು. ಇಈವಿಗಂತೂ ಒಂದು ಕಡಿತವೇ ಸಾಕು, ಬದುಕುವುದು ಅಪರೂಪ. ಸೊಳ್ಳೆಗೆ ಆಗದ ಚಳಿ ಇರುವ ಎತ್ತರದಲ್ಲೇ ಅವು ಉಳಿದಿರುವುದು. ಹವಾಯಿಯದೇ ಇನ್ನೊಂದು ದ್ವೀಪ ಕೌವಾಯಿಯ ಓಓ ಹಕ್ಕಿಯ ದನಿ ಕೊನೆಗೆ ಕೇಳಿದ್ದು 1987ರಲ್ಲಿ. ಈಗ ಅದು ರೆಕಾರ್ಡಿಂಗಿನಲ್ಲಿ ಮಾತ್ರ ಇದೆ.

ಸರಿ, ಮೈಕ್. ಕೈಯಲ್ಲಿ ಹಿಡಿಯುವ ರೆಕಾರ್ಡರ್, ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಒಂದು ಸಾಧಾರಣ ಶಾಟ್‌ಗನ್ ಮೈಕ್ ಸಾಕು. ಉಳಿದ ದುಡ್ಡಿಗೆ ಮೈಕಿನ ತುಪ್ಪಳದ ಕವರ್ ಕೊಳ್ಳಿ, ಅಲ್ಲಿ ಗಾಳಿ ಬಿಡುವುದಿಲ್ಲ. ದೂರದ ಸದ್ದನ್ನು ಮೈಕಿಗೆ ಒಟ್ಟುಗೂಡಿಸುವ ಪ್ಯಾರಾಬೋಲಿಕ್ ತಟ್ಟೆ ಒಂಟಿ ಹಕ್ಕಿಗೆ ಅದ್ಭುತ, ಸೂಟ್‌ಕೇಸಿಗೆ ತಲೆನೋವು. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್, ಎಂಪಿ3 ಬೇಡ. ಸದ್ದಿನ ಮಟ್ಟವನ್ನು ತಾನೇ ಏರಿಳಿಸುವ ಆಟೋ ಲೆವೆಲ್ ಆಫ್ ಮಾಡಿ. ಇಲ್ಲದಿದ್ದರೆ ಹಕ್ಕಿ ಸುಮ್ಮನಾದಾಗಲೆಲ್ಲ ಅದು ಗಾಳಿಯ ಸದ್ದನ್ನು ಎತ್ತಿ ಎತ್ತಿ ತುಂಬುತ್ತೆ.

ಶೂ ತಳವನ್ನು ಉಜ್ಜಿ, 70% ಆಲ್ಕೋಹಾಲ್ ಸಿಂಪಡಿಸಿಯೇ ಕಾಡಿಗೆ ಹೋಗಿ. ಓಹಿಯಾ ಮರಗಳನ್ನು ಕೊಲ್ಲುತ್ತಿರುವ ಶಿಲೀಂಧ್ರ ಮಣ್ಣಿನ ಜೊತೆಗೂ ಹರಡುತ್ತೆ. ಫೋನಿನಲ್ಲಿ ಹಾಡು ಹಾಕಿ ಹಕ್ಕಿ ಕರೆಯುವ ಕೆಲಸ ದಯವಿಟ್ಟು ಬೇಡ. ಬಿಗ್ ಐಲ್ಯಾಂಡಿನ ಹೀಲೋ ಊರಿನಲ್ಲಿ ಉಳಿದುಕೊಂಡರೆ ರಾತ್ರಿ ರೆಕಾರ್ಡಿಂಗ್ ಮರೆತುಬಿಡಿ, ಪೋರ್ಟೊ ರಿಕೋದಿಂದ ಬಂದ ಕಪ್ಪೆಗಳು ಬೆಳಗಿನವರೆಗೂ 'ಕೊಕೀ, ಕೊಕೀ' ಅಂತ ಅರಚುತ್ತವೆ.

ಇನ್ನೊಂದು. ಇಳಿದ ಕೂಡಲೇ ರೆಕಾರ್ಡರಿನ ಗಡಿಯಾರ ಬದಲಿಸಿ. ಅಲ್ಲಿನ ಸಮಯ ನಮಗಿಂತ ಹದಿನೈದೂವರೆ ಗಂಟೆ ಹಿಂದೆ. ನಾನು ಮರೆತಿದ್ದೆ. ನನ್ನ ಫೈಲುಗಳ ಪ್ರಕಾರ ಅಪಪಾನೆ ರಾತ್ರಿ 10 ಗಂಟೆಗೆ ಹಾಡುವ ಹಕ್ಕಿ.