ಮಳೆಗಾಲದ ಮೃದಂಗ: ಒಲೆ ಹತ್ತಿರ ಇಡಬೇಡಿ

ಅಕ್ಕಾ, ತೀರ್ಥಹಳ್ಳಿಗೆ ಬಂದ ಮೇಲೆ ಮಗನ ಮೃದಂಗ ಶ್ರುತಿಗೆ ನಿಲ್ಲುತ್ತಿಲ್ಲ, ಒಲೆ ಹತ್ತಿರ ಇಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಒಂದು ಸಲ ಹಾಗೆ ಮಾಡಿದಾಗ ಕರಣೆ, ಅಂದರೆ ಬಲಗಡೆ ಚರ್ಮದ ನಡುವಿನ ಕಪ್ಪು ವೃತ್ತ, ಬಿರುಕು ಬಿಟ್ಟಿತು. ಬಲಗಡೆ ಮುಚ್ಚಿಗೆಯನ್ನೇ (ಬಾಯಿಗೆ ಕಟ್ಟುವ ಚರ್ಮದ ಹೊದಿಕೆ) ಹೊಸದಾಗಿ ಹಾಕಿಸಬೇಕಾಯಿತು.

ಮೃದಂಗ ಕೆಟ್ಟಿಲ್ಲ. ಅದು ಹಲಸಿನ ಮರ, ಮೇಲೆ ಚರ್ಮ. ಆಷಾಢದಲ್ಲಿ ಡಬ್ಬಿಯ ಹಪ್ಪಳ ಮೆತ್ತಗಾಗುತ್ತದೆ ಅಲ್ವಾ? ಚರ್ಮವೂ ಹಾಗೇ ತೇವ ಎಳೆದುಕೊಂಡು ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಬೇಸಿಗೆಯಲ್ಲಿ ಬಿಗಿದು ಏರುತ್ತದೆ.

ಕರಣೆ ಅಂದರೆ ಅನ್ನಕ್ಕೆ ಕಿಟ್ಟದ (ಕಬ್ಬಿಣದ ಅಂಶವಿರುವ ಕಪ್ಪು ಕಲ್ಲು) ಪುಡಿ ಸೇರಿಸಿ ಪದರ ಪದರವಾಗಿ ತಿಕ್ಕಿ ಕೂರಿಸಿದ್ದು. ಬರೀ ಚರ್ಮ ಬಡಿದರೆ ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರದಿಂದಲೇ ಅವು ಹೊಂದಿಕೊಂಡು ನಾದವಾಗುತ್ತವೆ. ಸಿ.ವಿ. ರಾಮನ್ 1920ರಲ್ಲೇ ಇದನ್ನು ತೋರಿಸಿದರು. 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಇನ್ನಷ್ಟು ವಿವರವಾಗಿ ಬರೆದರು. ಬೆಂಕಿಯ ಕಾವಿಗೆ ಮೊದಲು ಒಡೆಯುವುದು ಇದೇ ಕರಣೆ.

ಹಾಗಾದರೆ ಏನು ಮಾಡುವುದು? ಸಿಮೆಂಟ್ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿಡಿ. ಚೀಲದೊಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ದನಿ ಗಂಭೀರವಾಗಲಿ ಅಂತ ಎಡಗಡೆ ಚರ್ಮಕ್ಕೆ ಹಚ್ಚಿದ ಒದ್ದೆ ರವೆಯನ್ನು ಅಭ್ಯಾಸ ಮುಗಿದ ಕೂಡಲೇ ಕೆರೆದು ತೆಗೆಯಲಿ. ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಜಿರಳೆ ಬರುತ್ತದೆ. ಆಮೇಲೆ ಗಾಳಿಗೆ ಒಂದು ಗಂಟೆಯಾದರೂ ಆರಬೇಕು. ಒದ್ದೆ ಇರುವಾಗಲೇ ಚೀಲಕ್ಕೆ ತುಂಬಬೇಡಿ.

ಕಲ್ಲು, ಗೂಟ ಹಿಡಿದು ಬಲಗಡೆ ಅಂಚಿನ ಹೆಣಿಗೆಯನ್ನು (ಸುತ್ತಲೂ ಹೆಣೆದ ಚರ್ಮದ ಬಳೆ) ಮೇಲಿನಿಂದ ತಟ್ಟಿದರೆ ಶ್ರುತಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ. ಒಂದು ಕಡೆ ತಟ್ಟಿದರೆ ಅದರ ಎದುರು ಬದಿಗೂ ಅಷ್ಟೇ ತಟ್ಟಬೇಕು. ಆದರೆ ಮಳೆಯಲ್ಲಿ ಜಾಸ್ತಿ ಬಿಗಿಯಬೇಡಿ. ನಾಲ್ಕು ದಿನ ಬಿಸಿಲು ಬಿದ್ದರೆ ಅದೇ ಚರ್ಮ ಇನ್ನೂ ಬಿಗಿದು ಹರಿದೀತು. ಮನೆಯ ಅಭ್ಯಾಸಕ್ಕೆ ಅರ್ಧ ಶ್ರುತಿ ಕಡಿಮೆ ಇದ್ದರೂ ನಡೆಯುತ್ತದೆ. ಪಾಠದ ದಿನ ಒಂದು ಗಂಟೆ ಮೊದಲೇ ಹೊರಗೆ ತೆಗೆದಿಟ್ಟು ಆಮೇಲೆ ಏರಿಸಿಕೊಳ್ಳಲಿ.

ಹವೆಗೆ ಅಷ್ಟಾಗಿ ಜಗ್ಗದ ಮೃದಂಗವೂ ಇದೆ. ಬೆಂಗಳೂರಿನ ಡಾ. ಕೆ. ವರದರಂಗನ್ ಕೃತಕ ಮುಚ್ಚಿಗೆಯ ಶ್ರೀ ಮೃದಂಗ ಮಾಡಿದ್ದಾರೆ. ಆದರೂ ಕಲಿಯುವ ಹುಡುಗ ಹಲಸಿನ ಮೃದಂಗದಲ್ಲೇ ಒಂದೆರಡು ಮಳೆಗಾಲ ಕಳೆಯಲಿ ಅಂತ ನನ್ನ ಆಸೆ. ಇವತ್ತು ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಮೊದಲ ಪೆಟ್ಟಿಗೇ ಅವನ ಕಿವಿಗೆ ತಿಳಿಯತೊಡಗುತ್ತದೆ.

ಅವನದು ಯಾವ ಶ್ರುತಿಯ ಮೃದಂಗ? ಬಲಗಡೆಯ ಒಂದು ಫೋಟೋ ಹಾಕಿ, ಕರಣೆ ಹೇಗಿದೆ ನೋಡಿ ಹೇಳುತ್ತೇನೆ.