ಒಂದೇ ಎಕ್ಸ್, ಅಲ್ಲೊಂದು ಓದು ಇಲ್ಲೊಂದು ಓದು

ಓದುಗರ ಪತ್ರ: ನನ್ನ ಮಗಳು ರಷ್ಯಾದಲ್ಲಿ ಎಂಬಿಬಿಎಸ್ ಓದ್ತಿದ್ದಾಳೆ. ಹೋದ ಹೊಸದ್ರಲ್ಲಿ ಒಂದು ಬೋರ್ಡಿನ ಫೋಟೋ ಕಳ್ಸಿ "ಅಮ್ಮಾ, ಎಲ್ಲಿ ನೋಡಿದ್ರೂ ಪೆಕ್ಟೋಪಾ (PECTOPAH) ಅಂತ ಬರ್ದಿದಾರೆ" ಅಂದ್ಲು. ಆಮೇಲೆ ಗೊತ್ತಾಯ್ತು, ಅದನ್ನ 'ರೆಸ್ತೊರಾನ್' ಅಂತ ಓದ್ಬೇಕಂತೆ, ಅಂದ್ರೆ ರೆಸ್ಟೋರೆಂಟು. ಬ್ರೆಡ್ಡಿಗೆ 'ಖ್ಲೆಬ್' ಅಂತಾರೆ, ಅದರ ಮೊದಲ ಅಕ್ಷರ ನೋಡಿದ್ರೆ ನಮ್ಮ ಇಂಗ್ಲಿಷ್ ಎಕ್ಸ್! ಕಳೆದ ಸಂಚಿಕೆಯಲ್ಲಿ ನೀವು ಇಂಗ್ಲಿಷ್ ಅಕ್ಷರ, ರಷ್ಯನ್ ಅಕ್ಷರ ಎರಡಕ್ಕೂ ತಾಯಿ ಗ್ರೀಕ್ ಅಂತ ಬರ್ದಿದ್ರಿ, ಚಾರ್ಟೂ ಹಾಕಿದ್ರಿ, ಅದರಲ್ಲಿ ಈ ಅಕ್ಷರದ ಮುಂದೆ 'ಖಿ' ಅಂತಿದೆ. ಹಂಗಾದ್ರೆ ಇಂಗ್ಲಿಷ್‌ನವರು ಇಷ್ಟು ದಿನ ತಪ್ಪು ಓದ್ತಿದ್ದಾರಾ? ಹಂಗೇ ನಮ್ಮ ಕನ್ನಡ ಲಿಪಿಗೂ ಗ್ರೀಕಿಗೂ ಏನಾದ್ರೂ ನಂಟಿದ್ಯಾ?
(ಓದುಗರು, ದಾವಣಗೆರೆ)

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ. ಇಂಗ್ಲಿಷ್‌ನವರು ತಪ್ಪು ಓದ್ತಿಲ್ಲ, ನಾವು ತಪ್ಪು ಚಾರ್ಟ್ ಹಾಕಿದ್ವಿ. ತಪ್ಪು ಅಂದ್ರೆ ಪೂರ್ತಿ ಸುಳ್ಳಲ್ಲ, ಆಲ್ಫಾದಿಂದ ಒಮೆಗಾ ತನಕ 24 ಅಕ್ಷರ ಇರೋ ಆ ಪಟ್ಟಿ ಸರಿಯಾದದ್ದೇ, ಆದ್ರೆ ಅದನ್ನ ಇಂಗ್ಲಿಷ್ ಅಕ್ಷರ ಬಂದ ರೋಮಿನವರ ಲಿಪಿಗೆ ತಾಯಿ ಅಂತ ತೋರ್ಸಿದ್ದು ತಪ್ಪು, ಅದು ತಾಯಿ ಅಲ್ಲ ಚಿಕ್ಕಮ್ಮ. ಯಾಕಂದ್ರೆ ಮೊದಮೊದಲು 'ಗ್ರೀಕ್ ಲಿಪಿ' ಅಂತ ಒಂದೇ ಲಿಪಿ ಇರಲೇ ಇಲ್ಲ. ಒಂದೊಂದು ಊರಿಗೆ ಒಂದೊಂದು ರೂಢಿ.

ಗ್ರೀಕರು ಅಕ್ಷರ ಕಲ್ತಿದ್ದು ಹಡಗಿನ ವ್ಯಾಪಾರಿಗಳಾದ ಫಿನೀಷಿಯನ್ನರಿಂದ, ಹೆಚ್ಚುಕಮ್ಮಿ ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ. ಫಿನೀಷಿಯನ್ ಬರಹದಲ್ಲಿ ವ್ಯಂಜನ ಮಾತ್ರ, ಸ್ವರ ಬರೀತಿರಲಿಲ್ಲ. ಅವರ ಮೊದಲ ಅಕ್ಷರದ ಹೆಸರು 'ಆಲೆಫ್', ಅಂದ್ರೆ ಎತ್ತು, ಅದು ಶುರುವಾಗೋದು ಗಂಟಲಲ್ಲಿ ಉಸಿರು ಹಿಡಿದು ಬಿಡೋ ಒಂದು ಸದ್ದಿನಿಂದ. ಗ್ರೀಕರ ಕಿವಿಗೆ ಆ ಸದ್ದು ಒಂದು ಅಕ್ಷರ ಅಂತ ಅನ್ನಿಸ್ಲೇ ಇಲ್ಲ, ಅದರ ಹಿಂದಿದ್ದ 'ಅ' ಮಾತ್ರ ಕೇಳಿಸ್ತು. ಹಂಗಾಗಿ ಆ ಅಕ್ಷರ 'ಅ' ಆಗಿ ಕೂತ್ಕೊಂಡ್ತು.

ಇದೇ ತರದ ಇನ್ನೊಂದು ಕತೆ ಎಚ್ ಅಕ್ಷರದ್ದು, ಇದು ನಮ್ಮೋರಿಗೆ ತಕ್ಷಣ ಅರ್ಥ ಆಗುತ್ತೆ. ನಮ್ಮಲ್ಲಿ ಹಾಲಿಗೆ 'ಆಲು', ಹೋಗುಗೆ 'ಓಗು' ಅನ್ನೋ ಊರುಗಳಿಲ್ವಾ? ಹಾಗೇ ಈಗಿನ ಟರ್ಕಿ ಕಡಲತೀರದಲ್ಲಿದ್ದ ಮಿಲೇಟಸ್ ಕಡೆಯ ಅಯೋನಿಯನ್ ಗ್ರೀಕರಿಗೆ ಹಕಾರ ಬಿದ್ದುಹೋಗಿತ್ತು. 'ಹೇಟಾ' ಅನ್ನೋ ಅಕ್ಷರವನ್ನ ಅವರು 'ಏಟಾ' ಅಂದ್ರು, ಅಕ್ಷರದ ಹೆಸರಿನ ಮೊದಲ ಸದ್ದೇ ಅದರ ಬೆಲೆ ತಾನೆ, ಹಾಗಾಗಿ ಅಲ್ಲಿ ಅದು ದೀರ್ಘ 'ಏ' ಆಯ್ತು. ಪಶ್ಚಿಮದ ಗ್ರೀಕರು ಹಕಾರ ಬಿಟ್ಟಿರಲಿಲ್ಲ, ಅವರಿಗೆ ಅದು 'ಹ' ಆಗೇ ಉಳೀತು. ನಮ್ಮ ಇಂಗ್ಲಿಷ್ ಎಚ್ ಬಂದಿದ್ದು ಆ ಹಾಲು ಅನ್ನೋರ ಮನೆಯಿಂದ.

ಈಗ ನಿಮ್ಮ ಎಕ್ಸ್. ಫಿನೀಷಿಯನ್ ಪಟ್ಟಿಯಲ್ಲಿ 'ಖ', 'ಪ್ಸ್' ಇದಕ್ಕೆಲ್ಲ ಅಕ್ಷರ ಇರಲಿಲ್ಲ, ಗ್ರೀಕರು ಕೊನೆಗೆ ಹೊಸದು ಸೇರಿಸ್ಕೊಂಡ್ರು, ಇಲ್ಲೇ ಗಲಾಟೆ ಆಗಿದ್ದು. ಗುಣಾಕಾರದ ಗುರುತಿನ ತರ ಇರೋ ಅಕ್ಷರಕ್ಕೆ ಪೂರ್ವದ ಊರುಗಳು 'ಖ' ಅಂದ್ವು, ನಮ್ಮ ಖಾರದ ಖ ಇದ್ಯಲ್ಲ ಅದೇ. ಪಶ್ಚಿಮದವರು ಅದೇ ಗುರುತಿಗೆ 'ಕ್ಸ್' ಅಂದ್ರು. ತ್ರಿಶೂಲದ ಹಾಗಿರೋ ಇನ್ನೊಂದು ಅಕ್ಷರ ಪಶ್ಚಿಮದಲ್ಲಿ 'ಖ', ಪೂರ್ವದಲ್ಲಿ 'ಪ್ಸ್'. 19ನೇ ಶತಮಾನದಲ್ಲಿ ಕಿರ್ಖೋಫ್ ಅನ್ನೋ ಜರ್ಮನ್ ವಿದ್ವಾಂಸರು ಈ ವ್ಯತ್ಯಾಸ ಹಿಡ್ಕೊಂಡು ಗ್ರೀಸಿನ ಮ್ಯಾಪಿಗೆ ಬಣ್ಣ ಹಚ್ಚಿದ್ರು, ಪೂರ್ವಕ್ಕೆ ನೀಲಿ, ಪಶ್ಚಿಮಕ್ಕೆ ಕೆಂಪು. ಇವತ್ತಿಗೂ ಶಾಸನ ಓದೋರು ಕೆಂಪು ಲಿಪಿ, ನೀಲಿ ಲಿಪಿ ಅಂತಲೇ ಮಾತಾಡ್ಕೋತಾರೆ.

ಕೆಂಪು ಲಿಪಿಯವರಲ್ಲಿ ಯೂಬಿಯಾ ದ್ವೀಪದೋರು ಭಾರೀ ಓಡಾಟದ ಜನ. ಇಟಲಿಯ ನೇಪಲ್ಸ್ ಹತ್ರ ಇಸ್ಕಿಯಾ ದ್ವೀಪಕ್ಕೆ ಹೋಗಿ ಪಿಥೆಕೂಸೈ ಅನ್ನೋ ಊರು ಕಟ್ಟಿದ್ರು. ಅಲ್ಲಿ 1954ರಲ್ಲಿ ಒಂದು ಗೋರಿ ಅಗೀತಿದ್ದಾಗ ಒಡೆದ ಮಣ್ಣಿನ ಬಟ್ಟಲು ಸಿಕ್ತು, ಅಂಗೈಯಲ್ಲಿ ಹಿಡಿಯೋ ಅಷ್ಟು ದೊಡ್ಡದು, ಕ್ರಿ.ಪೂ. 8ನೇ ಶತಮಾನದ್ದು. ಸುಟ್ಟ ಮೇಲೆ ಮೊನೆಯಿಂದ ಗೀಚಿದ ಮೂರು ಸಾಲು, ಬಲದಿಂದ ಎಡಕ್ಕೆ. 'ಇದು ನೆಸ್ಟರ್‌ನ ಬಟ್ಟಲು, ಕುಡಿಯೋಕೆ ಚೆನ್ನಾಗಿದೆ, ಇದರಲ್ಲಿ ಕುಡಿದೋನನ್ನ ಪ್ರೇಮದೇವತೆ ಅಫ್ರೊಡೈಟಿಯ ಆಸೆ ತಕ್ಷಣ ಹಿಡ್ಕೊಳುತ್ತೆ' ಅಂತ ಅದರ ಭಾವ. ನೆಸ್ಟರ್ ಅಂದ್ರೆ ಹೋಮರನ ಕಾವ್ಯದ ಮುದಿ ರಾಜ, ಅವನ ಬಟ್ಟಲು ಚಿನ್ನದ ಮೊಳೆ ಹೊಡೆದದ್ದು, ತುಂಬಿದ್ರೆ ಬೇರೆಯವರು ಎತ್ತೋದೇ ಕಷ್ಟ ಅನ್ನೋ ಅಷ್ಟು ಭಾರದ್ದು, ಇಲ್ಲಿರೋದು ಕುಡಿಕೆಯಷ್ಟು ಮಣ್ಣಿನ ಸಾಮಾನು, ಅಂದ್ರೆ ತಮಾಷೆಗೆ ಬರ್ದಿದ್ದು ಅಂತ ಬಹಳ ಜನ ಓದ್ತಾರೆ, ನನಗೂ ಹಂಗೇ ಅನ್ಸುತ್ತೆ. ಅಕ್ಷರ ಬಂದು ಇನ್ನೂ ಬಹಳ ಕಾಲ ಆಗಿರಲಿಲ್ಲ, ಆಗಲೇ ಕುಡಿಯೋ ಕೂಟದಲ್ಲಿ ಪದ್ಯ ಕಟ್ಟಿ ಕಾಲೆಳೆಯೋಕೆ ಬಳಸ್ತಿದ್ರು ನೋಡಿ.

ಈ ಯೂಬಿಯಾದೋರ ತರದ ಲಿಪಿಯನ್ನೇ ಇಟಲಿಯ ಎಟ್ರುಸ್ಕನ್ನರು ಎತ್ಕೊಂಡ್ರು. ಮಾರ್ಸಿಲಿಯಾನಾ ಅನ್ನೋ ಕಡೆ ಸಿಕ್ಕ ದಂತದ ಒಂದು ಪುಟ್ಟ ಹಲಗೆ ಇದೆ, ಸುಮಾರು ಕ್ರಿ.ಪೂ. 700ರದ್ದು, ಅಂಚಲ್ಲಿ 26 ಅಕ್ಷರ ಸಾಲಾಗಿ ಕೆತ್ತಿದ್ದಾರೆ. ಮಜಾ ಏನಂದ್ರೆ ಎಟ್ರುಸ್ಕನ್ ಮಾತಿನಲ್ಲಿ ಬ, ಗ, ದ ಸದ್ದುಗಳೇ ಇಲ್ಲ, ಆದ್ರೂ ಅವುಗಳ ಅಕ್ಷರ ಪಟ್ಟಿಯಲ್ಲಿ ಚಾಚೂ ತಪ್ಪದೆ ಕೂತಿವೆ. ನಾವು ಸ್ಲೇಟಿನ ಮೇಲೆ 'ೠ' ತಿದ್ದಿದ್ವಲ್ಲ, ಜೀವಮಾನದಲ್ಲಿ ಒಂದ್ಸಲನಾದ್ರೂ ಬಳಸಿದ್ದೀವಾ? ಅದೇ ಕತೆ. 'ಗ' ಬೇಡದ ಕಾರಣ ಗ್ರೀಕರ ಗಾಮಾವನ್ನ ಅವರು 'ಕ' ಅಂತ ಓದಿದ್ರು, ಅದೇ ಇಂಗ್ಲಿಷ್ ಸಿ. ಎಟ್ರುಸ್ಕನ್ನರಿಂದ ಕಲಿತ ರೋಮಿನವರಿಗೆ 'ಗ' ಬೇಕಿತ್ತು, ಸುಮಾರು ದಿನ ಎರಡಕ್ಕೂ ಸಿ ಒಂದರಲ್ಲೇ ಸುಧಾರಿಸಿ (ಗಾಯಸ್ ಅನ್ನೋ ಹೆಸರಿಗೆ ಕೊನೇ ತನಕ ಸಿ ಅಂತಲೇ ಶಾರ್ಟ್‌ಫಾರ್ಮ್), ಕ್ರಿ.ಪೂ. 3ನೇ ಶತಮಾನದಲ್ಲಿ ಸಿಗೆ ಒಂದು ಗೀಟು ಹಾಕಿ ಜಿ ಮಾಡ್ಕೊಂಡ್ರು. ಎಕ್ಸ್ ಮಾತ್ರ ಯೂಬಿಯಾದಿಂದ ಹೊರಟಾಗ ಇದ್ದ 'ಕ್ಸ್' ಸದ್ದಿನ ಜೊತೆಗೇ ರೋಮ್ ಮುಟ್ತು, ಅಲ್ಲಿಂದ ಇಂಗ್ಲಿಷಿಗೆ.

ಇನ್ನು ಗ್ರೀಸಿನಲ್ಲಿ ಏನಾಯ್ತು? ಅಥೆನ್ಸಿನವರದ್ದೂ ಬೇರೆ ರೂಢಿಯೇ ಇತ್ತು, ಎ ಏ ಎರಡಕ್ಕೂ ಒಂದೇ ಅಕ್ಷರ, ಒ ಓ ಎರಡಕ್ಕೂ ಒಂದೇ, ನಮ್ಮ ಹಳೇ ಶಾಸನಗಳಲ್ಲೂ ಹೀಗೇ ಅಲ್ವಾ. ಸ್ಪಾರ್ಟಾದ ಜೊತೆ ಯುದ್ಧ ಸೋತ ಮಾರನೇ ವರ್ಷ, ಕ್ರಿ.ಪೂ. 403ರಲ್ಲಿ, ಯೂಕ್ಲಿಡೀಸ್ ಅನ್ನೋನು (ಜಾಮೆಟ್ರಿಯೋನಲ್ಲ, ಇವನು ಬೇರೆ) ಅಧಿಕಾರದಲ್ಲಿದ್ದಾಗ ಅಥೆನ್ಸ್ ಸರ್ಕಾರಿ ಬರಹಕ್ಕೆ ಪೂರ್ವದ ಅಯೋನಿಯನ್ ಲಿಪಿ ತಂದ್ರು. ಬರಬರ್ತಾ ಮಿಕ್ಕ ಊರುಗಳೂ ಅದನ್ನೇ ಹಿಡಿದ್ವು. ನಮ್ಮ ಚಾರ್ಟಲ್ಲಿದ್ದ 24 ಇದೇ. ಅಷ್ಟೊತ್ತಿಗೆ ರೋಮಿನವರು ಅಕ್ಷರ ಕಲ್ತು ಇನ್ನೂರು ವರ್ಷದ ಮೇಲಾಗಿತ್ತು.

ರಷ್ಯನ್ ಅಕ್ಷರ ಹುಟ್ಟಿದ್ದು ಬಹಳ ತಡವಾಗಿ, ಕ್ರಿ.ಶ. 9ನೇ ಶತಮಾನದ ಕೊನೆಯ ಹೊತ್ತಿಗೆ ಬಲ್ಗೇರಿಯಾ ಕಡೆ, ಆಗ ಎದುರಿಗಿದ್ದ ಗ್ರೀಕ್ ಅಂದ್ರೆ ಈ ಪೂರ್ವದ್ದೇ. ಅದಕ್ಕೇ ಅಲ್ಲಿ ಎಕ್ಸ್ ಅಂದ್ರೆ 'ಖ'. ಇಂಗ್ಲಿಷಲ್ಲೂ ಅದು ಒಂದು ಕಡೆ ಕದ್ದು ಕೂತಿದೆ: ಎಕ್ಸ್‌ಮಸ್ ಅಂತ ಬರೀತಾರಲ್ಲ, ಆ ಎಕ್ಸ್ 'ಎಕ್ಸ್' ಅಲ್ಲ, ಗ್ರೀಕಲ್ಲಿ ಕ್ರಿಸ್ತನ ಹೆಸರಿನ ಮೊದಲಕ್ಷರ 'ಖಿ'.

ಕನ್ನಡದ ಪ್ರಶ್ನೆಗೆ ಚಿಕ್ಕ ಉತ್ತರ: ಇಲ್ಲ. ನಮ್ಮದು ಬ್ರಾಹ್ಮಿಯಿಂದ ಬಂದಿದ್ದು. ಬ್ರಾಹ್ಮಿಗೆ ಪಶ್ಚಿಮ ಏಷ್ಯಾದ ಅರಮಾಯಿಕ್ ಲಿಪಿಯ ಪ್ರೇರಣೆ ಇದೆ ಅಂತ ಅನೇಕ ವಿದ್ವಾಂಸರು ಹೇಳ್ತಾರೆ, ಎಲ್ಲರೂ ಒಪ್ಪಲ್ಲ. ಅರಮಾಯಿಕ್ ಫಿನೀಷಿಯನ್ ಮನೆತನದ್ದೇ, ಹಾಗಾಗಿ ಅದನ್ನ ಒಪ್ಪಿದ್ರೂ ಗ್ರೀಕ್ ನಮಗೆ ದೂರದ ದಾಯಾದಿ ಆಗಬಹುದು ಅಷ್ಟೇ. ನಮ್ಮ ಬ್ರಹ್ಮಗಿರಿಯಲ್ಲಿ ಬ್ರಾಹ್ಮಿಯಲ್ಲಿ ಶಾಸನ ಕೆತ್ತಿಸಿದ ಅಶೋಕನೇ ಕಂದಹಾರಿನಲ್ಲಿ ಗ್ರೀಕ್ ಮತ್ತು ಅರಮಾಯಿಕ್ ಎರಡರಲ್ಲೂ ಬರೆಸಿದ್ದಾನೆ, ಅದು ಸಿಕ್ಕಿದ್ದು 1958ರಲ್ಲಿ.

ಇನ್ನು ಆ 'ಪೆಕ್ಟೋಪಾ' ಬೋರ್ಡು. ಅದರ ಪಿ ನಿಜವಾಗಿ ಗ್ರೀಕರ 'ರ', ರೋಮಿನವರು ಅದಕ್ಕೆ ಬಾಲ ಹಚ್ಚಿ ಆರ್ ಮಾಡಿದ್ರು, ರಷ್ಯನ್ನರು ಬಾಲ ಹಚ್ಚಲಿಲ್ಲ. ಕೊನೆಯ ಎಚ್ ನಿಜವಾಗಿ 'ನ': ಮೊದಲು ಎನ್ ತರಾನೇ ಬರೀತಿದ್ರು, ಬರ್ತಾ ಬರ್ತಾ ಓರೆ ಗೀಟು ಮಲಗಿ ಎಚ್ ಆಗೋಯ್ತು. ಅದೇ ಹೊತ್ತಿಗೆ ಗ್ರೀಕರ 'ಏಟಾ' ಅಲ್ಲಿ 'ಇ' ಆಗಿತ್ತು, ಅದರ ಮಲಗಿದ್ದ ಗೀಟು ಓರೆಯಾಗಿ ಎದ್ದು, ಕನ್ನಡಿಯಲ್ಲಿ ನೋಡಿದ ಎನ್ ತರ ಆಯ್ತು. ಮಗಳಿಗೆ ಹೇಳಿ, ಅವಳ ಮೆಟ್ರೋ ಸ್ಟೇಷನ್ ಬೋರ್ಡಲ್ಲಿ ಆ ಉಲ್ಟಾ ಎನ್ ಕಂಡ್ರೆ ಅದು ಎಚ್‌ನ ಒಡಹುಟ್ಟಿದ್ದು, ಹಕಾರ ಬಿಟ್ಟವರ ಮನೆಯಲ್ಲಿ ಬೆಳೆದದ್ದು. ಚಾರ್ಟನ್ನ ಕೆಂಪು, ನೀಲಿ ಎರಡು ಕಾಲಂ ಮಾಡಿ ಮುಂದಿನ ಸಂಚಿಕೆಯಲ್ಲಿ ಮತ್ತೆ ಹಾಕ್ತೀವಿ.